ಉದಕಮಂಡಲಕ್ಕೆ ಮೂರು ದಾರಿ

ಬೇಸಿಗೆಯ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಮಧ್ಯಮ ವರ್ಗದ ಮನೆಗಳಲ್ಲಿ ಬಹುಬೇಗ ಬಗೆಹರಿಯುತ್ತದೆ. ಹೇಗೆ ಹೋಗಬೇಕೆಂಬ ಪ್ರಶ್ನೆ ಹಾಗಲ್ಲ. ಮನೆಮಂದಿಯ ಒಗ್ಗಟ್ಟು ಮುರಿಯುವುದು ಅಲ್ಲಿಯೇ.

ಬಾಗಲೂರಿನ ಒಂದು ಮನೆಯಲ್ಲಿ ಈ ಚರ್ಚೆ ಶಿವರಾತ್ರಿಯ ಮಾರನೆಯ ದಿನವೇ ಆರಂಭವಾಯಿತು. ಮಕ್ಕಳ ಪರೀಕ್ಷೆಗಳಿಗೆ ಇನ್ನೂ ದಿನಗಳಿದ್ದವು. ಆದರೂ ರಾತ್ರಿಯ ಊಟದ ಹೊತ್ತಿಗೆ ಉದಕಮಂಡಲದ ಹೆಸರು ಎದ್ದಿತು. ಎದ್ದದ್ದು ಮತ್ತೆ ಮಲಗಲಿಲ್ಲ.

ಬಾಗಲೂರು ಯಲಹಂಕದಿಂದ ಈಶಾನ್ಯಕ್ಕೆ ಸುಮಾರು ಹತ್ತು ಕಿಲೋಮೀಟರು ದೂರದ ಊರು. ಕೆರೆ, ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ ಇವುಗಳ ನಡುವೆ ತನ್ನ ಪಾಡಿಗೆ ತಾನಿದ್ದ ಈ ಸೀಮೆ, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ನಗರದ ಸೆರಗನ್ನು ಹಿಡಿಯಿತು. ಇಂದು ಬಹುಮಹಡಿಯ ಮನೆಗಳ ನೆತ್ತಿಯ ಮೇಲೆ ವಿಮಾನಗಳು ಹಾರುತ್ತವೆ. ಮೋಡವಿಲ್ಲದ ಮುಂಜಾನೆ ಮಾಳಿಗೆಯ ಮೇಲೆ ನಿಂತರೆ ಬಡಗಲಿಗೆ ನಂದಿಯ ಬೆಟ್ಟಸಾಲು ನೀಲಿಯಾಗಿ ಕಾಣುತ್ತದೆ. 1,478 ಮೀಟರು ಎತ್ತರದ ಆ ಬೆಟ್ಟ ತಂಪಾದದ್ದೇ. ಗಾಂಧೀಜಿಯವರು 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ಅಲ್ಲಿಯೇ ತಂಗಿದ್ದರು. ಆದರೆ ಬಾಗಲೂರಿನ ಮಕ್ಕಳಿಗೆ ನಂದಿ ನೆರೆಮನೆಯಿದ್ದಂತೆ. ನೆರೆಮನೆಗೆ ಹೋಗಿ ಬಂದುದನ್ನು ಶಾಲೆಯಲ್ಲಿ ಪ್ರವಾಸವೆಂದು ಹೇಳಿಕೊಳ್ಳುವುದಾದರೂ ಹೇಗೆ? ಅವರು ಚಲನಚಿತ್ರಗಳಲ್ಲಿ ಆಲ್ಪ್ಸ್ ಪರ್ವತವನ್ನು ಕಂಡವರು. ಹಸಿರು ಇಳಿಜಾರಿನಲ್ಲಿ ಕೆಂಪು ರೈಲುಗಾಡಿ ಏರುವುದನ್ನು ಕಂಡವರು. ತಂದೆಯ ಬ್ಯಾಂಕಿನ ಪುಸ್ತಕ ಸ್ವಿಟ್ಸರ್ಲೆಂಡಿಗೆ ಒಪ್ಪುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಹೀಗಾಗಿ ಉದಕಮಂಡಲ.

ಮನೆಯಲ್ಲಿ ಐವರು. ಯಜಮಾನ ಮೋಟಾರಿನ ಪಕ್ಷ. ಗಾಡಿ ಕೊಂಡು ಎರಡು ವರ್ಷವಾಗಿತ್ತು, ಅದು ಕಚೇರಿಗೂ ಮನೆಗೂ ನಡುವೆ ತೆವಳುತ್ತಿದ್ದುದನ್ನು ಬಿಟ್ಟರೆ ತನ್ನ ಶಕ್ತಿಯನ್ನು ತೋರಿಸಿರಲಿಲ್ಲ. ಮನೆಯಾಕೆ ಬಸ್ಸಿನ ಪಕ್ಷ. ಗಂಡ ಘಟ್ಟದಲ್ಲಿ ಗಾಡಿ ನಡೆಸುವುದನ್ನು ಪಕ್ಕದಲ್ಲಿ ಕುಳಿತು ನೋಡುವುದಕ್ಕಿಂತ, ಅಪರಿಚಿತ ಚಾಲಕನ ಬೆನ್ನನ್ನು ನೋಡುವುದು ಮೇಲೆಂದು ಆಕೆಯ ಅಭಿಪ್ರಾಯ. ಮಗ ಯಾವುದಕ್ಕೂ ಸಿದ್ಧ. ಹತ್ತು ವರ್ಷದ ಮಗಳು ರೈಲಿನ ಪಕ್ಷ. ಐದನೆಯವರಾದ ಅಜ್ಜಿಯನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿಯೂ ಇರಲಿಲ್ಲ.

ಅದಕ್ಕೊಂದು ಹಿಂದಿನ ಕಥೆಯುಂಟು. ಸುಮಾರು ಇಪ್ಪತ್ತು ವರ್ಷಗಳ ಕೆಳಗೆ ಅಜ್ಜಿ ಉದಕಮಂಡಲಕ್ಕೆ ಹೊರಟಿದ್ದರು. ಮೈಸೂರಿನಿಂದ ಬಾಡಿಗೆಯ ಮೋಟಾರು. ಮಸಿನಗುಡಿಯನ್ನು ದಾಟಿ ಕಲ್ಹಟ್ಟಿಯ ಘಟ್ಟ ಆರಂಭವಾದೊಡನೆ ಅವರಿಗೆ ತಲೆ ತಿರುಗಿತು. ಮೂರನೆಯ ತಿರುವಿನಲ್ಲಿ ವಾಂತಿ, ಹತ್ತನೆಯದರಲ್ಲಿ ಕಣ್ಣು ತೆರೆಯಲಾಗದ ಸ್ಥಿತಿ. ಗಾಡಿಯನ್ನು ಹಿಂದಿರುಗಿಸಬೇಕಾಯಿತು. ಅಂದಿನಿಂದ ಮನೆಯವರು ಬೆಟ್ಟದ ಸೀಮೆಗೆ ಹೋದಾಗಲೆಲ್ಲ, ಮಡಿಕೇರಿಗಾಗಲಿ ಚಿಕ್ಕಮಗಳೂರಿಗಾಗಲಿ, ಅಜ್ಜಿ ‘ಮನೆ ನೋಡಿಕೊಳ್ಳಲು’ ಉಳಿಯುವುದು ವಾಡಿಕೆಯಾಯಿತು. ಅವರೇ ಹಾಗೆಂದು ಹೇಳುತ್ತಿದ್ದುದರಿಂದ ಯಾರ ಮನಸ್ಸೂ ಚುಚ್ಚುತ್ತಿರಲಿಲ್ಲ.

ಈ ಬಾರಿ ಚುಚ್ಚಿದವಳು ಮೊಮ್ಮಗಳು. “ಬಾಗಿಲಿಗೆ ಬೀಗವಿದೆ, ಕೆಳಗೆ ಕಾವಲುಗಾರನಿದ್ದಾನೆ. ಅಜ್ಜಿ ನೋಡಿಕೊಳ್ಳುವುದಾದರೂ ಏನನ್ನು?” ಎಂದಳು. ಊಟದ ಮಣೆಯ ಸುತ್ತ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಮೋಟಾರಿನ ದಾರಿಯನ್ನೇ ಮೊದಲು ವಿಚಾರಿಸಬಹುದು. ಬಾಗಲೂರಿನಿಂದ ಉದಕಮಂಡಲ ಸುಮಾರು 300 ಕಿಲೋಮೀಟರು. ಇದರಲ್ಲಿ ಅತ್ಯಂತ ಕಷ್ಟದ ಭಾಗ ಘಟ್ಟವಲ್ಲ, ಬೆಂಗಳೂರು. ನಗರದ ಈಶಾನ್ಯದ ಅಂಚಿನಿಂದ ನೈರುತ್ಯದ ಅಂಚಿಗೆ ಹಾಯುವುದರೊಳಗೆ ಬುತ್ತಿಯ ಮೊದಲ ಡಬ್ಬ ಖಾಲಿಯಾಗುವ ಸಂಭವವುಂಟು. ಅಲ್ಲಿಂದ ಮುಂದೆ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮೈಸೂರಿನವರೆಗೆ ಕೊಂಡೊಯ್ಯುತ್ತದೆ. ವೇಗವಾದ ದಾರಿ; ನೋಡುವುದಕ್ಕೆ ಏನೂ ಇಲ್ಲ. ಮದ್ದೂರಿನ ವಡೆಯೂ ಚನ್ನಪಟ್ಟಣದ ಬೊಂಬೆಯೂ ಹೆದ್ದಾರಿಯಿಂದ ಕೆಳಗಿಳಿದವರಿಗೆ ಮಾತ್ರ.

ನಂಜನಗೂಡು, ಗುಂಡ್ಲುಪೇಟೆ ಕಳೆದ ಮೇಲೆ ನಾಡಿನ ಬಣ್ಣ ಬದಲಾಗುತ್ತದೆ. ಬಂಡೀಪುರದ ಕಾಡು ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ನೆಲವಾಗಿತ್ತು. 1973ರಲ್ಲಿ ಹುಲಿಗಳ ರಕ್ಷಣೆಯ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆರಿಸಿಕೊಂಡ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಬೇಸಿಗೆಯಲ್ಲಿ ಎಲೆಯುದುರಿದ ಮರಗಳ ನಡುವೆ ದೂರದವರೆಗೆ ಕಣ್ಣು ಹಾಯುತ್ತದೆ. ಜಿಂಕೆಗಳ ಹಿಂಡು ರಸ್ತೆಯ ಬದಿಗೇ ನಿಂತಿರುತ್ತದೆ. ಈ ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಬೆರಳೆಣಿಕೆಯ ಬಸ್ಸುಗಳನ್ನೂ ರೋಗಿಗಳ ಗಾಡಿಗಳನ್ನೂ ಬಿಟ್ಟರೆ ಬೇರಾವ ವಾಹನಕ್ಕೂ ಪ್ರವೇಶವಿಲ್ಲ. ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಪ್ರಾಣಿಗಳು ಗಾಲಿಗೆ ಸಿಕ್ಕಿ ಸಾಯುತ್ತಿದ್ದುದೇ ಇದಕ್ಕೆ ಕಾರಣ. ‘ತಡರಾತ್ರಿ ಹೊರಟರೆ ರಸ್ತೆ ಖಾಲಿ’ ಎಂಬ ಬೆಂಗಳೂರಿನವರ ಲೆಕ್ಕಾಚಾರ ಇಲ್ಲಿ ನಡೆಯದು. ಗಡಿಯ ಕೆಕ್ಕನಹಳ್ಳದ ತನಿಖಾ ಠಾಣೆಯಲ್ಲಿ ಪ್ಲಾಸ್ಟಿಕ್ಕಿನ ಚೀಲ, ನೀರಿನ ಬಾಟಲಿಗಳನ್ನು ಕಸಿದುಕೊಳ್ಳುತ್ತಾರೆ. ಸ್ಟೀಲಿನ ತಂಬಿಗೆ ಒಯ್ದವರೇ ಜಾಣರು.

ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ಗೂಡಲೂರು, ನಡುವಟ್ಟಂ, ಪೈಕಾರದ ಸುತ್ತುದಾರಿ. ಎಡಕ್ಕೆ ಮಸಿನಗುಡಿ, ಕಲ್ಹಟ್ಟಿಗಳ ಹತ್ತಿರದ ದಾರಿ. ಹತ್ತಿರದ ದಾರಿಯಲ್ಲಿ ತಲೆಪಿನ್ನಿನಂತೆ ಬಾಗಿದ ತಿರುವುಗಳು 36. ಪ್ರತಿಯೊಂದಕ್ಕೂ ಅಂಕೆ ಬರೆದು ಹಲಗೆ ನೆಟ್ಟಿದ್ದಾರೆ, ಯಾತನೆಯನ್ನು ಎಣಿಸಿಕೊಳ್ಳಲು ಅನುಕೂಲವಾಗಲೆಂದೋ ಏನೋ.

ಘಟ್ಟದಲ್ಲಿ ತಲೆ ತಿರುಗುವುದನ್ನು ಮನಸ್ಸಿನ ದೌರ್ಬಲ್ಯವೆಂದು ನಗುವವರುಂಟು. ಅದು ತಪ್ಪು. ದೇಹದ ಸಮತೋಲವನ್ನು ಅರಿಯುವ ಅಂಗ ಕಿವಿಯ ಒಳಭಾಗದಲ್ಲಿದೆ. ಗಾಡಿ ಹೊರಳಿದಾಗಲೆಲ್ಲ ಅದು ‘ತಿರುಗುತ್ತಿದ್ದೇವೆ’ ಎಂದು ಮಿದುಳಿಗೆ ತಿಳಿಸುತ್ತದೆ. ಕಣ್ಣಾದರೋ ಎದುರಿನ ಆಸನದ ಬೆನ್ನನ್ನೇ ನೋಡುತ್ತ ‘ಸುಮ್ಮನೆ ಕುಳಿತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ವಿರೋಧವೇ ಹೊಟ್ಟೆಯ ತಳಮಳವಾಗುತ್ತದೆ. ಗಾಡಿ ನಡೆಸುವವನಿಗೆ ಇದು ಬಾರದಿರುವುದಕ್ಕೆ ಕಾರಣವೂ ಸ್ಪಷ್ಟ: ಮುಂದಿನ ತಿರುವನ್ನು ಆತ ಮೊದಲೇ ಕಂಡಿರುತ್ತಾನೆ. ಕಷ್ಟವೆಲ್ಲ ಹಿಂದಿನ ಆಸನದಲ್ಲಿ ಕುಳಿತವರ ಪಾಲಿಗೆ. ಮಧ್ಯಮ ವರ್ಗದ ಮೋಟಾರುಗಳಲ್ಲಿ ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವವರು ಹೆಂಗಸರು, ಮಕ್ಕಳು, ಮುದುಕರು.

ಇಷ್ಟರ ಮೇಲೆ ಅನುಮತಿಪತ್ರದ ವಿಷಯವೊಂದಿದೆ. ಬೇಸಿಗೆಯಲ್ಲಿ ನೀಲಗಿರಿಯ ರಸ್ತೆಗಳು ತಾಳಲಾರದಷ್ಟು ವಾಹನಗಳು ಮೇಲೇರುತ್ತಿದ್ದುದನ್ನು ಕಂಡು ಮದರಾಸಿನ ಉಚ್ಚ ನ್ಯಾಯಾಲಯ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿಸಿತು. 2025ರ ಏಪ್ರಿಲಿನಲ್ಲಿ ಆ ಬೇಸಿಗೆಯ ಮಟ್ಟಿಗೆ ಸಂಖ್ಯೆಗೂ ಮಿತಿ ಬಂದಿತು: ದಿನಕ್ಕೆ 6,000 ವಾಹನಗಳು, ವಾರದ ಕೊನೆಯ ದಿನಗಳಲ್ಲಿ 8,000. ಸಾರ್ವಜನಿಕ ಬಸ್ಸಿಗೂ ರೈಲಿಗೂ ಈ ಮಿತಿ ಅನ್ವಯಿಸಲಿಲ್ಲ. ಬೆಟ್ಟದ ಊರೊಂದು ತನ್ನ ಅತಿಥಿಗಳಿಗೆ ‘ಬನ್ನಿ, ಗಾಡಿಯನ್ನು ಮಾತ್ರ ತರಬೇಡಿ’ ಎಂದು ಹೇಳುವ ರೀತಿ ಇದು. ಯಜಮಾನ ಈ ಸುದ್ದಿಯನ್ನು ಓದಿ ಹುಬ್ಬು ಗಂಟಿಕ್ಕಿದ. ಆದರೆ 6,000ದಲ್ಲಿ ತಾನೂ ಒಬ್ಬನಾಗಬಾರದೇಕೆ ಎಂಬ ಆಸೆಯನ್ನು ಕೂಡಲೇ ಬಿಡಲಿಲ್ಲ.

ಬಸ್ಸಿನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಸರಕಾರಿ ಬಸ್ಸುಗಳುಂಟು. ಖರ್ಚು ಕಡಿಮೆ, ಅನುಮತಿಪತ್ರದ ಗೊಡವೆಯಿಲ್ಲ. ಬಸ್ಸುಗಳು ಸಾಮಾನ್ಯವಾಗಿ ಹಿಡಿಯುವುದು ಗೂಡಲೂರಿನ ದಾರಿ. ಅಲ್ಲಿ ತಿರುವುಗಳು ಅಷ್ಟು ಕ್ರೂರವಲ್ಲ. ಚಹದ ತೋಟಗಳೂ ನೀಲಗಿರಿ ಮರದ ತೋಪುಗಳೂ ಜೊತೆಗೂಡುತ್ತವೆ. ಗಟ್ಟಿ ಹೊಟ್ಟೆಯ ನಾಲ್ವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಮನೆಯಲ್ಲಿ ಐವರಿದ್ದರು.

ಉಳಿದುದು ರೈಲು. ನಕಾಶೆಯನ್ನು ಬಿಡಿಸಿ ನೋಡಿದರೆ ಅದು ಮೂರ್ಖರ ದಾರಿಯಂತೆ ತೋರುತ್ತದೆ. ಬೆಂಗಳೂರಿನ ಸೀಮೆ ಸಮುದ್ರ ಮಟ್ಟದಿಂದ 900 ಮೀಟರು ಎತ್ತರದಲ್ಲಿದೆ. ಬೆಟ್ಟಕ್ಕೆ ಹೊರಟವರನ್ನು ರೈಲು ಮೊದಲು ಕೆಳಗಿಳಿಸುತ್ತದೆ. ಹೊಸೂರು, ಧರ್ಮಪುರಿ, ಸೇಲಂ, ಈರೋಡುಗಳ ಕಾದ ಬಯಲಿನಲ್ಲಿ ಸುತ್ತಾಡಿಸಿ, ಕೊಯಮತ್ತೂರನ್ನು ಹಾಯಿಸಿ, ಕೇವಲ 326 ಮೀಟರು ಎತ್ತರದ ಮೆಟ್ಟುಪಾಳ್ಯದಲ್ಲಿ ಬಿಡುತ್ತದೆ. ತಂಪನ್ನು ಅರಸಿ ಹೊರಟವರು ಮೊದಲ ದಿನವೆಲ್ಲ ಬೆವರನ್ನು ಒರೆಸಿಕೊಳ್ಳಬೇಕು.

ಆದರೂ ಮಗಳ ಪಕ್ಷ ಗೆದ್ದಿತು. ಗೆದ್ದುದು ವಾದದಿಂದಲ್ಲ. ಚೀಟಿ ತೆಗೆಯುವ ಗಡುವಿನಿಂದ. ರೈಲಿನ ಆಸನಗಳನ್ನು ಪ್ರಯಾಣಕ್ಕೆ 60 ದಿನ ಮುಂಚೆ ಕಾಯ್ದಿರಿಸಬಹುದೆಂಬ ನಿಯಮ 2024ರ ನವೆಂಬರಿನಿಂದ ಜಾರಿಯಲ್ಲಿದೆ. ಬೆಟ್ಟದ ರೈಲಿಗಾದರೋ ಡಬ್ಬಿಗಳು ಕೆಲವೇ. ಬೇಸಿಗೆಯ ಆಸನಗಳು ತೆರೆದೊಡನೆ ಮುಗಿಯುತ್ತವೆ. ದೊಡ್ಡವರು ಮೋಟಾರೋ ಬಸ್ಸೋ ಎಂದು ವಾದಿಸುತ್ತಿರುವಾಗ ಮಗಳು ಅಣ್ಣನನ್ನು ಕೂಡಿಸಿಕೊಂಡು ಬೆಳಗಿನ ಎಂಟು ಗಂಟೆಗೆ ತಂದೆಯ ದೂರವಾಣಿಯನ್ನು ಹಿಡಿದು ಕುಳಿತಳು. ಐದು ಆಸನಗಳು ಸಿಕ್ಕವು. ಐದನೆಯ ಹೆಸರಿನ ಮುಂದೆ ವಯಸ್ಸು 72 ಎಂದು ತುಂಬಿದುದನ್ನು ಯಜಮಾನ ಹಣ ಕಟ್ಟುವಾಗಲೇ ನೋಡಿದ್ದು. ಏನನ್ನೂ ಹೇಳದೆ ಕಟ್ಟಿದ.

ಹೊರಟ ದಿನ ಹೆಣ್ಣೂರು–ಬಾಗಲೂರು ರಸ್ತೆಯಲ್ಲಿ ದಂಡು ರೈಲು ನಿಲ್ದಾಣಕ್ಕೆ ಬಂದುದಾಯಿತು. 2023ರ ಡಿಸೆಂಬರಿನ ಕೊನೆಯಿಂದ ಕೊಯಮತ್ತೂರಿಗೆ ವಂದೇ ಭಾರತ್ ಗಾಡಿ ಓಡುತ್ತಿದೆ; ಮಧ್ಯಾಹ್ನ ಹೊರಟರೆ ರಾತ್ರಿಯ ಊಟದ ಹೊತ್ತಿಗೆ ಅಲ್ಲಿರಬಹುದು. ಕನ್ಯಾಕುಮಾರಿಯ ಕಡೆಗೆ ಹೋಗುವ ರಾತ್ರಿಯ ಗಾಡಿಯೂ ಉಂಟು. ಅದು ಕೊಯಮತ್ತೂರಿನಲ್ಲಿ ಇಳಿಸುವುದು ಕೋಳಿ ಕೂಗುವುದಕ್ಕೂ ಮುಂಚೆ. ವಯಸ್ಸಾದವರಿರುವ ಕುಟುಂಬಕ್ಕೆ ಹಗಲಿನ ಗಾಡಿಯಲ್ಲಿ ಹೋಗಿ, ಇನ್ನೂ 36 ಕಿಲೋಮೀಟರು ಮುಂದಿರುವ ಮೆಟ್ಟುಪಾಳ್ಯದಲ್ಲಿಯೇ ರಾತ್ರಿ ತಂಗುವುದು ಕ್ಷೇಮ. ದಾರಿಯಲ್ಲಿ ಹೊಸೂರು ಬಂದಾಗ ಮಗ, “ಇಲ್ಲಿಯೂ ಒಂದು ಬಾಗಲೂರಿದೆಯಂತೆ” ಎಂದ. ನಿಜ; ಹೊಸೂರಿನ ನೆರೆಯಲ್ಲಿ ಅದೇ ಹೆಸರಿನ ಊರುಂಟು. “ಹಾಗಾದರೆ ಇಷ್ಟು ಹೊತ್ತಾದರೂ ನಾವು ಊರನ್ನೇ ಬಿಟ್ಟಿಲ್ಲ” ಎಂದರು ಅಜ್ಜಿ. ಬಹಳ ದಿನಗಳ ಮೇಲೆ ಅವರು ಆಡಿದ ಹಾಸ್ಯದ ಮಾತು ಅದು.

ಮೆಟ್ಟುಪಾಳ್ಯದಿಂದ ಬೆಟ್ಟದ ಗಾಡಿ ಹೊರಡುವುದು ಬೆಳಿಗ್ಗೆ ಏಳರ ಸುಮಾರಿಗೆ. ಚೆನ್ನೈಯಿಂದ ಬರುವ ನೀಲಗಿರಿ ಎಕ್ಸ್‌ಪ್ರೆಸ್ಸಿನ ಪ್ರಯಾಣಿಕರು ಪಕ್ಕದ ಹಳಿಯಿಂದ ಸಾಮಾನು ಸರಂಜಾಮುಗಳೊಡನೆ ಓಡಿ ಬರುತ್ತಾರೆ. ನೀಲಿ ಬಣ್ಣದ ಮರದ ಡಬ್ಬಿಗಳು. ಮೀಟರು ಅಗಲದ ಹಳಿ. ಎಂಜಿನ್ ಇರುವುದು ಮುಂದಲ್ಲ, ಹಿಂದೆ. ಎಳೆಯುವ ಬದಲು ಅದು ಗಾಡಿಯನ್ನು ಕೆಳಗಿನಿಂದ ನೂಕುತ್ತದೆ. ಹಾಗಾಗಿ ಯಾವ ಕಾರಣಕ್ಕೇ ಆಗಲಿ ಕೊಂಡಿ ಕಳಚಿದರೂ ಡಬ್ಬಿಗಳು ಹಿಂದಕ್ಕೆ ಉರುಳಿ ಹೋಗುವಂತಿಲ್ಲ. ಇದರ ಜೊತೆಗೆ ಡಬ್ಬಿಗೊಬ್ಬ ಬ್ರೇಕಿನ ಆಳು, ಕೈಯಲ್ಲಿ ಬಾವುಟ ಹಿಡಿದು, ಮುಂಭಾಗದ ಜಗುಲಿಯಲ್ಲಿ ನಿಂತಿರುತ್ತಾನೆ.

ಮೊದಲ ಎಂಟು ಕಿಲೋಮೀಟರು ಸಮತಟ್ಟು. ಅಡಿಕೆಯ ತೋಟಗಳ ನಡುವೆ ಗಾಡಿ ಹಾಯುವಾಗ ಮಲೆನಾಡಿನ ನೆನಪು ಬಾರದಿರದು. ಕಲ್ಲಾರು ನಿಲ್ದಾಣ ದಾಟಿದೊಡನೆ ಒಂದು ಸಣ್ಣ ಜಗ್ಗು, ಹಲ್ಲಿಗೆ ಹಲ್ಲು ಕೂಡಿಕೊಂಡ ಸದ್ದು, ಅಲ್ಲಿಂದ ಬೆಟ್ಟ.

ಈ ಹಲ್ಲುಗಳ ತವರು ಸ್ವಿಟ್ಸರ್ಲೆಂಡ್. ಅಲ್ಲಿಯ ನಿಕ್ಲಾಸ್ ರಿಗೆನ್‌ಬಾಖ್ ಎಂಬ ಎಂಜಿನಿಯರು ರಿಗಿ ಎಂಬ ಬೆಟ್ಟಕ್ಕೆ ಹಲ್ಲಿನ ಹಳಿ ಹಾಕಿ 1871ರಲ್ಲಿ ರೈಲನ್ನು ಏರಿಸಿದ. ಯೂರೋಪಿನಲ್ಲಿ ಅಂಥದು ಅದೇ ಮೊದಲು. ಮೆಟ್ಟುಪಾಳ್ಯದವರೆಗೆ ಬಯಲಿನ ರೈಲು 1873ರಲ್ಲಿಯೇ ಬಂದಿತ್ತು. ಮೇಲಕ್ಕೆ ಕುದುರೆಯ ಟಾಂಗಾ, ಎತ್ತಿನ ಬಂಡಿ, ಡೋಲಿಗಳೇ ಗತಿ. 1882ರಲ್ಲಿ ರಿಗೆನ್‌ಬಾಖ್ ನೀಲಗಿರಿಗೆ ಬಂದು ದಾರಿಯನ್ನು ಪರಿಶೀಲಿಸಿದ. 1885ರಲ್ಲಿ ‘ನೀಲಗಿರಿ ರಿಗಿ ರೈಲ್ವೆ ಕಂಪನಿ’ ಎಂಬ ಹೆಸರಿನಲ್ಲೇ ಒಂದು ಸಂಸ್ಥೆ ಹುಟ್ಟಿತು, ಹಣ ಸಾಲಲಿಲ್ಲ. 1891ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಮೊದಲ ಗುದ್ದಲಿ ಹಾಕಿದ. ಆ ಕಂಪನಿಯೂ ದಿವಾಳಿಯಾಯಿತು. ಕಡೆಗೆ 1899ರಲ್ಲಿ ಗಾಡಿ ಕೂನೂರನ್ನು ಮುಟ್ಟಿತು. ಉದಕಮಂಡಲವನ್ನು ಮುಟ್ಟಲು 1908 ಆಗಬೇಕಾಯಿತು. ಅವಸರದವರಿಗೆ ಅಂದಿನಿಂದಲೂ ಈ ದಾರಿ ಒಗ್ಗಿದ್ದಿಲ್ಲ.

ಕೊನೆಗೆ ಹಾಕಿದ ಹಳಿ ರಿಗೆನ್‌ಬಾಖನದಲ್ಲ, ಅವನ ಶಿಷ್ಯನಾದ ರೋಮನ್ ಅಬ್ಟನದು. ಎರಡು ಸಾಧಾರಣ ಹಳಿಗಳ ನಡುವೆ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿದ್ದಾರೆ. ಒಂದರ ಹಲ್ಲಿನೆದುರು ಇನ್ನೊಂದರ ಸಂದು ಬರುವಂತೆ ಜೋಡಣೆ. ಎಂಜಿನ್ನಿನ ಹಲ್ಲುಚಕ್ರ ಒಂದು ಪಟ್ಟಿಯಲ್ಲಿ ಹಿಡಿತ ಸಡಿಲಿಸುವ ಹೊತ್ತಿಗೆ ಇನ್ನೊಂದರಲ್ಲಿ ಕಚ್ಚಿಕೊಂಡಿರುತ್ತದೆ; ಹಿಡಿತ ತಪ್ಪುವ ಗಳಿಗೆಯೇ ಇಲ್ಲ. ಈ ದಾರಿಗೆಂದೇ ಸ್ವಿಟ್ಸರ್ಲೆಂಡಿನ ವಿಂಟರ್‌ಟೂರ್ ಪಟ್ಟಣದ ಕಾರ್ಖಾನೆಯಲ್ಲಿ ಮಾಡಿಸಿದ ಎಂಜಿನ್ನುಗಳಿಗೆ ಸಿಲಿಂಡರುಗಳು ನಾಲ್ಕು. ಬಯಲಿನಲ್ಲಿ ಎರಡೇ ಸಾಕು. ಏರು ಬಂದಾಗ ಆ ಎರಡರಲ್ಲಿ ದುಡಿದು ಹೊರಬಿದ್ದ ಉಗಿಯನ್ನು ಬಿಸಾಡದೆ ಉಳಿದೆರಡಕ್ಕೆ ಕಳುಹಿಸಿ, ಹಲ್ಲುಚಕ್ರಗಳನ್ನು ತಿರುಗಿಸುತ್ತಾರೆ. ಮಜ್ಜಿಗೆ ಕಡೆದ ಮೇಲೂ ನೀರನ್ನು ಚೆಲ್ಲದ ಗೃಹಿಣಿಯ ಜಾಣತನ ಇದರಲ್ಲಿದೆ. ಆ ಮಾದರಿಯ ಎಂಜಿನ್ನುಗಳನ್ನು ಈಚೆಗೆ ತಿರುಚಿರಾಪಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿಯೇ ಹೊಸದಾಗಿ ಕಟ್ಟಿದ್ದಾರೆ.

ಏರು ಹನ್ನೆರಡು ಅಡಿಗೆ ಒಂದು ಅಡಿಯಂತೆ. ಹಲ್ಲಿನ ಹಳಿಯ ಮೇಲೆ ವೇಗ ಗಂಟೆಗೆ 13 ಕಿಲೋಮೀಟರನ್ನು ಮೀರುವಂತಿಲ್ಲ; ಕಾಲಿಗೆ ಬಲವಿರುವವನು ಓಡಿದರೆ ಗಾಡಿಯನ್ನು ಹಿಂದೆ ಹಾಕಬಹುದು. ಒಟ್ಟು 46 ಕಿಲೋಮೀಟರಿಗೆ ಐದು ಗಂಟೆಗೆ ಸ್ವಲ್ಪವೇ ಕಡಿಮೆ. 16 ಸುರಂಗಗಳು, 250 ಸೇತುವೆಗಳು, 208 ತಿರುವುಗಳು.

ಇಲ್ಲಿ ಓದುಗರು ತಡೆದು ಕೇಳಬಹುದು: ಕಲ್ಹಟ್ಟಿಯಲ್ಲಿ 36 ತಿರುವುಗಳಿಗೇ ಸೋತ ಅಜ್ಜಿಗೆ 208 ತಿರುವುಗಳ ದಾರಿ ಹೇಗೆ ಒಗ್ಗೀತು? ಮನೆಯಾಕೆಯ ಭಯವೂ ಅದೇ. ಆಕೆ ನಿಂಬೆಹಣ್ಣು, ಶುಂಠಿಯ ಚೂರು, ಎರಡು ಕಾಗದದ ಚೀಲ, ಒದ್ದೆ ವಸ್ತ್ರಗಳನ್ನು ಮಡಿಲಲ್ಲಿಟ್ಟುಕೊಂಡು ಅತ್ತೆಯ ಮುಖವನ್ನೇ ನೋಡುತ್ತ ಕುಳಿತಿದ್ದಳು. ಆದರೆ ರೈಲಿನ ತಿರುವು ಮೋಟಾರಿನ ತಿರುವಲ್ಲ. ಕಬ್ಬಿಣದ ಹಳಿಯನ್ನು ತಲೆಪಿನ್ನಿನಂತೆ ಬಗ್ಗಿಸಲಾಗದು. ಅದು ಬೆಟ್ಟದ ಮೈಯನ್ನು ಬಳಸಿಕೊಂಡು ನಿಧಾನವಾಗಿ ಬಾಗುತ್ತದೆ. ಫಕ್ಕನೆ ಬ್ರೇಕಿಲ್ಲ, ಫಕ್ಕನೆ ವೇಗವಿಲ್ಲ. ಕಿಟಕಿಯ ಪಕ್ಕದಲ್ಲಿ ಕುಳಿತವರ ಕಣ್ಣು ದೂರದ ಕಣಿವೆಯ ಮೇಲಿರುತ್ತದೆ. ಕಣ್ಣಿಗೂ ಕಿವಿಗೂ ಜಗಳವಾಗುವ ಪ್ರಸಂಗವೇ ಕಡಿಮೆ. ಹಿಲ್‌ಗ್ರೋವಿನಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಪ್ರಯಾಣಿಕರೆಲ್ಲ ಇಳಿದು ಕಾಲು ನೀಡುತ್ತಾರೆ, ಚಹ ಕುಡಿಯುತ್ತಾರೆ, ಕೋತಿಗಳಿಂದ ಬುತ್ತಿಯನ್ನು ಕಾಪಾಡಿಕೊಳ್ಳುತ್ತಾರೆ. ಅಜ್ಜಿಯೂ ಇಳಿದರು. ಸೊಸೆ ನೀಡಿದ ಶುಂಠಿಯನ್ನು ಬೇಡವೆಂದು, ಚಿತ್ರಾನ್ನದ ಡಬ್ಬವನ್ನು ಕೇಳಿದರು.

ಎತ್ತರ ಏರಿದಂತೆ ಸೆಖೆ ಕಡಿಮೆಯಾಗುವುದನ್ನು ಇಲ್ಲಿ ಚರ್ಮವೇ ಲೆಕ್ಕ ಹಾಕುತ್ತದೆ. ಪ್ರತಿ ಸಾವಿರ ಮೀಟರಿಗೆ ಆರು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿಯುವುದು ಸಾಮಾನ್ಯ ನಿಯಮ. ಮೆಟ್ಟುಪಾಳ್ಯದಲ್ಲಿ ಬೆವರಿದ್ದವರು ಹಿಲ್‌ಗ್ರೋವಿನಲ್ಲಿ ಕಿಟಕಿಗೆ ಮುಖವೊಡ್ಡುತ್ತಾರೆ, ರನ್ನಿಮೀಡಿನಲ್ಲಿ ಶಾಲನ್ನು ತೆಗೆಯುತ್ತಾರೆ, ಕೂನೂರಿನಲ್ಲಿ ಹೊದೆಯುತ್ತಾರೆ. ಮೊದಲ ದಿನದ ಬೆವರು ವ್ಯರ್ಥವೆಂದು ಎಣಿಸಿದ್ದ ಯಜಮಾನ ಇದನ್ನು ಕಂಡು ಸುಮ್ಮನಾದ. ತಣ್ಣನೆಯ ಗಾಳಿ ತುಂಬಿದ ಮೋಟಾರಿನಲ್ಲಿ ಕುಳಿತು ಬಂದವನಿಗೆ ತಂಪು ಎಲ್ಲಿ ಆರಂಭವಾಯಿತೆಂದು ತಿಳಿಯುವ ಬಗೆಯಿಲ್ಲ.

ಕೂನೂರಿನಲ್ಲಿ ಹಲ್ಲಿನ ಹಳಿ ಮುಗಿಯುತ್ತದೆ. ಉಗಿಯ ಎಂಜಿನ್ ಕಳಚಿ ಡೀಸೆಲಿನದು ಬರುತ್ತದೆ. ವೆಲ್ಲಿಂಗ್ಟನ್, ಅರುವಂಕಾಡು, ಕೇತಿ, ಲವ್‌ಡೇಲ್. ಹೆಸರುಗಳಲ್ಲಿ ಇಂಗ್ಲಿಷಿನವರೂ ಮಲೆಯವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಇಂಗ್ಲಿಷಿನವರ ಕಥೆಯೇ ಸಾಮಾನ್ಯವಾಗಿ ಎಲ್ಲರೂ ಹೇಳುವುದು: ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1820ರ ದಶಕದಲ್ಲಿ ಇಲ್ಲಿ ಮನೆ ಕಟ್ಟಿದ, ಕೆರೆ ಕಟ್ಟಿಸಿದ, ಊರು ಬೆಳೆಸಿದ ಎಂದು. ಆದರೆ ನೀಲಗಿರಿಯ ಹೆಸರು ಕನ್ನಡ ನಾಡಿನ ಕಲ್ಲಿನಲ್ಲಿ ಅದಕ್ಕಿಂತ ಏಳುನೂರು ವರ್ಷ ಹಿಂದೆಯೇ ಮೂಡಿತ್ತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿದೆ. ಇಂದಿಗೂ ಈ ಬೆಟ್ಟಗಳ ಅತಿ ಎತ್ತರದ ಶಿಖರದ ಹೆಸರು ದೊಡ್ಡಬೆಟ್ಟ, 2,637 ಮೀಟರು. ಭಾಷಾಂತರ ಬೇಡದ ಹೆಸರು. ಹೆಸರಿಟ್ಟ ಜನ ಬಡಗರು. ಬಡಗಣದಿಂದ, ಎಂದರೆ ಮೈಸೂರು ಸೀಮೆಯಿಂದ, ಶತಮಾನಗಳ ಹಿಂದೆ ಗುಡ್ಡ ಹತ್ತಿ ಬಂದವರೆಂದು ಅವರ ಐತಿಹ್ಯ. ಅವರು ತಮ್ಮ ಊರನ್ನು ಹಟ್ಟಿ ಎನ್ನುತ್ತಾರೆ, ಮನೆಯನ್ನು ಮನೆ ಎನ್ನುತ್ತಾರೆ, ತಮ್ಮ ಕುಲದ ತಾಯಿ ಹೆತ್ತೆಗೆ ವರ್ಷಕ್ಕೊಮ್ಮೆ ಹಬ್ಬ ಮಾಡುತ್ತಾರೆ.

ಎಂಜಿನ್ ಬದಲಾಯಿಸುವ ಹೊತ್ತಿನಲ್ಲಿ ಕೂನೂರಿನ ನಿಲ್ದಾಣದ ಬೆಂಚಿನ ಮೇಲೆ ಅಜ್ಜಿಯ ಪಕ್ಕದಲ್ಲಿ ಅವರದೇ ವಯಸ್ಸಿನ ಬಡಗ ಹೆಂಗಸೊಬ್ಬರು ಕುಳಿತಿದ್ದರು. ಬಿಳಿಯ ಸೀರೆ, ತಲೆಗೆ ಬಿಳಿಯ ವಸ್ತ್ರ, ಕಾಲ ಬಳಿ ಕ್ಯಾರೆಟ್ಟಿನ ಚೀಲ. ಯಾರು ಮೊದಲು ಮಾತನಾಡಿದರೋ ಮನೆಯವರು ಗಮನಿಸಲಿಲ್ಲ. ಗಮನಿಸುವ ಹೊತ್ತಿಗೆ ಇಬ್ಬರೂ ಮಕ್ಕಳು ಮೊಮ್ಮಕ್ಕಳ ಲೆಕ್ಕವನ್ನು ಮುಗಿಸಿ ಮಂಡಿಯ ನೋವಿಗೆ ಬಂದಿದ್ದರು. ಅರ್ಧ ಮಾತು ತಿಳಿಯುತ್ತಿತ್ತು, ಉಳಿದರ್ಧವನ್ನು ಕೈಗಳು ತುಂಬುತ್ತಿದ್ದವು. ಇಲ್ಲಿಗೆ ಬಂದ ಮೇಲೆ ತಮಿಳಿನಲ್ಲಿ ಒಂದು ಲೋಟ ಬಿಸಿನೀರನ್ನೂ ಕೇಳಲಾಗದೆ ತೊಳಲಿದ್ದ ಯಜಮಾನ ಬೆರಗಾಗಿ ನೋಡಿದ. ಗಾಡಿ ಕೂಗಿತು.

“ಏನಂದರು ಅವರು?” ಎಂದು ಮೊಮ್ಮಗಳು ಕೇಳಿದಳು.

“ಇಷ್ಟು ದಿನ ಏಕೆ ಬರಲಿಲ್ಲ ಅಂದರು” ಎಂದರು ಅಜ್ಜಿ.

ಮಧ್ಯಾಹ್ನಕ್ಕೆ ಉದಕಮಂಡಲ ಬಂದಿತು. ಕೆರೆ, ಸಸ್ಯೋದ್ಯಾನ, ಫರ್ನ್‌ಹಿಲ್ಲಿನಲ್ಲಿ ಮೈಸೂರು ಅರಸರ ಅರಮನೆ, ಇವನ್ನೆಲ್ಲ ನೋಡಿದುದಾಯಿತು. ಎಲ್ಲರೂ ನೋಡುವುದೇ ಆದುದರಿಂದ ಬರೆಯಬೇಕಾದುದಿಲ್ಲ. ಮುಖ್ಯ ಬೀದಿಯಲ್ಲಿ ನಿಂತ ಮೋಟಾರುಗಳ ಸಾಲು ಕದಲದೆ ಗಂಟೆಗಟ್ಟಲೆ ಕೂಗುತ್ತಿದ್ದುದನ್ನು ಯಜಮಾನ ಒಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕಡಲೆಕಾಯಿ ತಿನ್ನುತ್ತ, ತಕ್ಕಮಟ್ಟಿನ ಸಂತೋಷದಿಂದ ನೋಡಿದನೆಂದು ಮಾತ್ರ ಹೇಳಬಹುದು.

ಇದೇ ದಾರಿಯನ್ನು ನಂಬಿ ಹೊರಡುವವರು ಒಂದನ್ನು ನೆನಪಿಡುವುದು ಒಳ್ಳೆಯದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಈ ಬೆಟ್ಟಗಳ ಮೂಡಣ ಮೈಗೆ ಬಡಿಯುತ್ತದೆ. ಕಲ್ಲಾರಿಗೂ ಕೂನೂರಿಗೂ ನಡುವೆ ಮಣ್ಣು ಕುಸಿದು ಹಳಿ ಮುಚ್ಚಿ, ದಿನಗಟ್ಟಲೆ ಗಾಡಿ ನಿಲ್ಲುವುದುಂಟು. ಬೇಸಿಗೆಯಲ್ಲಿ ಆ ಭಯ ಕಡಿಮೆ, ಆಸನದ ಕಷ್ಟ ಹೆಚ್ಚು. ಚೀಟಿ ಸಿಗದವರು ಮೆಟ್ಟುಪಾಳ್ಯದಿಂದ ಕೂನೂರಿಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಉದಕಮಂಡಲದವರೆಗಾದರೂ ರೈಲನ್ನು ಹಿಡಿಯಬಹುದು. ಆ ತುಂಡಿಗೆ ಗಾಡಿಗಳು ಹೆಚ್ಚಿವೆ. 2005ರಲ್ಲಿ ಯುನೆಸ್ಕೋ ಸಂಸ್ಥೆ ಈ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ನೋಡಲು ಬರುವವರ ಸಂಖ್ಯೆ ಏರಿತು. ಹಳಿಯ ಮೇಲೆ ಹಿಡಿಸುವ ಡಬ್ಬಿಗಳ ಸಂಖ್ಯೆಯನ್ನು ಹಾಗೆ ಏರಿಸುವಂತಿಲ್ಲ.

ಹಿಂದಿರುಗುವಾಗಲೂ ಅದೇ ಗಾಡಿ. ಇಳಿಯಲು ಮೂರೂವರೆ ಗಂಟೆ. ಹೊರಡುವ ಮುನ್ನ ಅಜ್ಜಿ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಉದಕಮಂಡಲದ ವರ್ಕಿ ಬಿಸ್ಕತ್ತನ್ನು ಒಂದು ಕಿಲೋ ತೂಗಿಸಿದರು. ಅಷ್ಟೇಕೆಂದು ಸೊಸೆ ಕೇಳಿದಳು. ಮೇಲುಗಡೆಯ ಮನೆಯ ಮುದುಕಮ್ಮನಿಗೆ ಅರ್ಧ ಕೊಡಬೇಕು, ಪಾಪ, ಈ ನಾಲ್ಕು ದಿನ ತುಳಸಿಗೆ ನೀರು ಹಾಕಿಕೊಂಡು ಅವರೇ ಅಲ್ಲವೆ ಮನೆ ನೋಡಿಕೊಂಡವರು ಎಂದು ಅಜ್ಜಿ ಪೊಟ್ಟಣವನ್ನು ಎರಡಾಗಿ ಕಟ್ಟಿಸಿದರು.